ಮುಪ್ಪಿನ ಮದ್ದಿಗೆ ಹಣ ತೆರುವವರಾರು?

ಚಂದ್ರನ ಮೇಲೆ ಮಾನವನನ್ನು ಇಳಿಸಿದ ದೇಶದಲ್ಲಿ ವಯೋವೃದ್ಧರು, ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿ, ಇಂದಿಗೊಂದು ನಾಳೆಗೊಂದು ಎಂದು ಎಣಿಸಿ ನುಂಗುವುದುಂಟೆಂದರೆ ನಮ್ಮ ವಾಚಕರಿಗೆ ಆಶ್ಚರ್ಯವಾಗಬಹುದು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅರುವತ್ತೈದು ದಾಟಿದ ಬಹುತೇಕ ಎಲ್ಲರಿಗೂ ಸರ್ಕಾರದ ಆರೋಗ್ಯ ವಿಮೆಯುಂಟು. ವಿಮೆಯಿದ್ದೂ ಗುಳಿಗೆಯನ್ನು ಕತ್ತರಿಸುವ ಪ್ರಮೇಯವೇಕೆ ಬಂದಿತು? ಕತ್ತರಿಸಿದರೆ ದೇಹದೊಳಗೆ ಏನಾಗುತ್ತದೆ? ಇದನ್ನು ತಪ್ಪಿಸಲು ಆ ದೇಶದವರು ಯಾವ ಉಪಾಯಗಳನ್ನು ಹೂಡಿದರು? ಇವೇ ಈ ಲೇಖನದ ವಿಷಯ. ಇದರಲ್ಲಿ ರಸಾಯನಶಾಸ್ತ್ರವಿದೆ, ಕಾಯಿದೆಯಿದೆ, ಹಣಕಾಸಿದೆ. ಕಾಲೇಜಿನ ಮೊದಲ ವರ್ಷದ ಗಣಿತವೂ ಇದೆ. ಭೌತಶಾಸ್ತ್ರವನ್ನು ಬೋಧಿಸುವವರಾದ ನಮಗೆ ಗಣಿತದಿಂದ ಆರಂಭಿಸುವುದೇ ಅನುಕೂಲ.

ವಿಕಿರಣಶೀಲ ಧಾತುಗಳಿಗೆ ಅರ್ಧಾಯುವೆಂಬುದೊಂದುಂಟೆಂದು ವಿದ್ಯಾರ್ಥಿಗಳು ಬಲ್ಲರು. ಅಷ್ಟು ಕಾಲ ಕಳೆದರೆ ಇದ್ದುದರಲ್ಲಿ ಅರ್ಧ ಉಳಿಯುತ್ತದೆ. ಮತ್ತಷ್ಟು ಕಾಲ ಕಳೆದರೆ ಕಾಲು ಭಾಗ. ರಕ್ತದಲ್ಲಿ ಬೆರೆತ ಅನೇಕ ಔಷಧಗಳೂ ಇದೇ ನಿಯಮವನ್ನು ಪಾಲಿಸುತ್ತವೆ. ಯಕೃತ್ತೂ ಮೂತ್ರಪಿಂಡಗಳೂ ಸೇರಿ, ಇರುವ ಮದ್ದಿನಲ್ಲಿ ಒಂದು ನಿಶ್ಚಿತ ಪಾಲನ್ನು ಗಂಟೆಗಂಟೆಗೂ ಹೊರಹಾಕುತ್ತವೆ. ಹೃದಯದ ಬಡಿತ ಏರುಪೇರಾದ ವೃದ್ಧರಿಗೆ ಕೊಡುವ ಅಪಿಕ್ಸಬಾನ್ ಎಂಬ ಔಷಧವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ಎಲಿಕ್ವಿಸ್’ ಎಂಬುದು ಇದರ ವ್ಯಾಪಾರನಾಮ. ಹೃದಯದ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಸಾಗಿ ಪಾರ್ಶ್ವವಾಯು ತಗಲದಂತೆ ಇದು ಕಾಯುತ್ತದೆ. ಇದರ ಅರ್ಧಾಯು ಸುಮಾರು ೧೨ ಗಂಟೆ. ದಿನಕ್ಕೆರಡು ಬಾರಿ ಸೇವಿಸಬೇಕೆಂಬುದು ವಿಧಿ.

ಒಂದು ಗುಳಿಗೆಯಲ್ಲಿರುವ ಮದ್ದನ್ನು ೧ ಎಂದು ಕರೆಯೋಣ. ನುಂಗಿದೊಡನೆ ಅದೆಲ್ಲವೂ ರಕ್ತಕ್ಕೆ ಸೇರಿತೆಂದು ಲೆಕ್ಕದ ಸೌಕರ್ಯಕ್ಕಾಗಿ ಭಾವಿಸೋಣ. ಹನ್ನೆರಡು ಗಂಟೆಗೊಮ್ಮೆ ಒಂದರಂತೆ ಕೆಲವು ದಿನ ಸೇವಿಸಿದಾಗ ಶರೀರದಲ್ಲಿರುವ ಮೊತ್ತವು ೧ + ೧/೨ + ೧/೪ + ೧/೮ + ... ಎಂಬ ಶ್ರೇಢಿಯಾಗುತ್ತದೆ, ಇದರ ಮೊತ್ತ ೨. ಅಂದರೆ ಗುಳಿಗೆ ನುಂಗಿದಾಗ ೨, ಮುಂದಿನ ಗುಳಿಗೆಗೆ ಮುನ್ನ ೧. ಈ ೧ ಎಂಬುದೇ ಕಾವಲಿನ ಕನಿಷ್ಠ ಮಟ್ಟ. ಈಗ ರೋಗಿಯು ಹಣ ಉಳಿಸಲೆಂದು ದಿನಕ್ಕೆ ಒಂದೇ ಗುಳಿಗೆ ನುಂಗುತ್ತಾನೆನ್ನೋಣ. ಎರಡು ಗುಳಿಗೆಗಳ ನಡುವೆ ಎರಡು ಅರ್ಧಾಯು ಕಳೆಯುವುದರಿಂದ ಶ್ರೇಢಿಯು ೧ + ೧/೪ + ೧/೧೬ + ... ಆಗುತ್ತದೆ, ಮೊತ್ತ ೪/೩. ಮುಂದಿನ ಗುಳಿಗೆಯ ಹೊತ್ತಿಗೆ ಉಳಿಯುವುದು ೧/೩. ಖರ್ಚು ಅರ್ಧಕ್ಕಿಳಿಯಿತು, ಆದರೆ ಕಾವಲು ಮೂರನೆಯ ಒಂದು ಭಾಗಕ್ಕೆ ಇಳಿಯಿತು! ಗುಳಿಗೆಯನ್ನೇ ಹೋಳು ಮಾಡಿ ಎರಡು ಹೊತ್ತೂ ನುಂಗಿದರೆ ಕನಿಷ್ಠ ಮಟ್ಟ ಅರ್ಧಕ್ಕಿಳಿಯುತ್ತದೆ. ಇದೂ ವೈದ್ಯರು ಬಯಸಿದ ಮಟ್ಟವಲ್ಲ. ಈ ಔಷಧವನ್ನು ಅಕಾಲದಲ್ಲಿ ನಿಲ್ಲಿಸಿದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆಂಬ ಎಚ್ಚರಿಕೆಯನ್ನು ಅದರ ವಿವರಣಪತ್ರದಲ್ಲಿ ಚೌಕಟ್ಟು ಹಾಕಿ ಮುದ್ರಿಸಿರುತ್ತಾರೆ. ನೋವಿನ ಗುಳಿಗೆ ತಪ್ಪಿದರೆ ನೋವು ಕೂಗಿ ಹೇಳುತ್ತದೆ. ಇಂತಹ ಗುಳಿಗೆ ತಪ್ಪಿದರೆ ಏನೂ ತಿಳಿಯುವುದಿಲ್ಲ. ಆದುದರಿಂದಲೇ ಹಣದ ಮುಗ್ಗಟ್ಟಿನಲ್ಲಿ ಮೊದಲು ತಪ್ಪುವುದು ಇಂತಹುದೇ.

೨೦೨೩ರಲ್ಲಿ ಎಲಿಕ್ವಿಸಿನ ಒಂದು ತಿಂಗಳ ಪಟ್ಟಿಬೆಲೆ ಅಮೆರಿಕಾದಲ್ಲಿ ೫೨೧ ಡಾಲರು. ಅರುವತ್ತು ಗುಳಿಗೆಗಳಿಗೆ ಹಂಚಿದರೆ ಒಂದಕ್ಕೆ ಎಂಟೂಮುಕ್ಕಾಲು ಡಾಲರಿಗೆ ಸಮೀಪ. ಚಾಕು ಏಕೆ ಹೊರಬಂದಿತೆಂಬುದಕ್ಕೆ ಹೆಚ್ಚಿನ ವಿವರಣೆ ಬೇಡ.

ವಿಮೆಯಲ್ಲೊಂದು ತೂತು

ಅಧ್ಯಕ್ಷ ಲಿಂಡನ್ ಜಾನ್ಸನ್ನರು ವೃದ್ಧರ ಆರೋಗ್ಯ ವಿಮೆಯ ಶಾಸನಕ್ಕೆ ೧೯೬೫ರ ಜುಲೈ ೩೦ರಂದು ಸಹಿ ಹಾಕಿದರು. ‘ಮೆಡಿಕೇರ್’ ಎಂಬುದು ಅದರ ಹೆಸರು. ಆಸ್ಪತ್ರೆಯ ವೆಚ್ಚವೂ ವೈದ್ಯರ ಶುಲ್ಕವೂ ಅದರಲ್ಲಿ ಸೇರಿದವು. ಮನೆಯಲ್ಲಿ ಕುಳಿತು ನುಂಗುವ ಮದ್ದು ಸೇರಲಿಲ್ಲ. ಆ ಕಾಲಕ್ಕೆ ಇದು ದೊಡ್ಡ ಲೋಪವೆನಿಸಿರಲಿಲ್ಲ. ರಕ್ತದ ಒತ್ತಡವನ್ನೂ ಕೊಲೆಸ್ಟರಾಲನ್ನೂ ದಶಕಗಟ್ಟಲೆ ಹಿಡಿದಿಡುವ ಗುಳಿಗೆಗಳ ಯುಗ ಆಗಿನ್ನೂ ಪೂರ್ತಿ ತೆರೆದಿರಲಿಲ್ಲ. ಕಾಯಿಲೆಯೆಂದರೆ ಆಸ್ಪತ್ರೆ ಎಂಬ ಭಾವನೆಯೇ ಪ್ರಬಲವಾಗಿತ್ತು. ವಿಜ್ಞಾನವು ಮುಂದೆ ಹೋಯಿತು, ಶಾಸನ ಅಲ್ಲಿಯೇ ನಿಂತಿತು. ೧೯೮೮ರಲ್ಲಿ ಔಷಧಗಳನ್ನೂ ಸೇರಿಸುವ ಕಾಯಿದೆಯೊಂದಾಯಿತು. ಅದರ ವೆಚ್ಚವನ್ನು ವೃದ್ಧರ ಮೇಲೆಯೇ ಹೇರಿದ್ದರಿಂದ ಅವರೇ ತಿರುಗಿಬಿದ್ದರು, ಮರುವರ್ಷವೇ ಅದು ರದ್ದಾಯಿತು.

ಈ ನಡುವೆ ಕೆಲವು ರಾಜ್ಯಗಳು ತಮ್ಮ ಪಾಡಿಗೆ ತಾವು ದಾರಿ ಹುಡುಕಿಕೊಂಡವು. ಪೆನ್ಸಿಲ್ವೇನಿಯಾ ರಾಜ್ಯವು ೧೯೮೪ರಿಂದ ತನ್ನ ವೃದ್ಧರಿಗೆ ಅಗ್ಗದಲ್ಲಿ ಔಷಧ ಒದಗಿಸುವ ಯೋಜನೆಯನ್ನು ನಡೆಸಿತು. ಅದಕ್ಕೆ ಹಣ ಬಂದುದು ರಾಜ್ಯದ ಲಾಟರಿಯಿಂದ. ಜೂಜಿನಲ್ಲಿ ಸೋತವರ ಹಣ ಮುದುಕರ ಮದ್ದಾಯಿತು. ಇದು ಧರ್ಮವೋ ಅಧರ್ಮವೋ ಎಂಬ ಚರ್ಚೆಯನ್ನು ನಾವು ತತ್ತ್ವಶಾಸ್ತ್ರದ ಸಹೋದ್ಯೋಗಿಗಳಿಗೆ ಬಿಡುತ್ತೇವೆ.

ರಾಷ್ಟ್ರಮಟ್ಟದ ಶಾಸನವಾದುದು ೨೦೦೩ರಲ್ಲಿ. ಜಾರಿಗೆ ಬಂದುದು ೨೦೦೬ರ ಜನವರಿ ೧ರಂದು. ‘ಡಿ’ ಭಾಗವೆಂದು ಹೆಸರಾದ ಈ ಔಷಧ ವಿಮೆಯನ್ನು ಖಾಸಗಿ ಕಂಪನಿಗಳು ಮಾರುತ್ತವೆ, ಸರ್ಕಾರ ಹಣದ ನೆರವು ನೀಡುತ್ತದೆ. ಅದರ ಮಾದರಿ ನಿಯಮ ಬಲು ವಿಚಿತ್ರವಾಗಿತ್ತು. ವಿದ್ಯಾರ್ಥಿಗಳು ಗ್ರಾಫ್ ಕಾಗದ ತೆಗೆದುಕೊಂಡು, ಅಡ್ಡಗೆರೆಯ ಮೇಲೆ ವರ್ಷದ ಔಷಧದ ಒಟ್ಟು ಬೆಲೆಯನ್ನೂ ನೆಟ್ಟಗೆರೆಯ ಮೇಲೆ ರೋಗಿ ತನ್ನ ಕೈಯಿಂದ ಕೊಡುವ ಹಣವನ್ನೂ ಗುರುತಿಸಲಿ. ಮೊದಲ ೨೫೦ ಡಾಲರು ಪೂರ್ತಿ ರೋಗಿಯದೇ. ಗೆರೆಯ ಏರಿಕೆ ೧. ಅಲ್ಲಿಂದ ೨,೨೫೦ ಡಾಲರಿನವರೆಗೆ ರೋಗಿಗೆ ಕಾಲು ಭಾಗ, ವಿಮೆಗೆ ಮುಕ್ಕಾಲು; ಏರಿಕೆ ೧/೪. ೨,೨೫೦ರಿಂದ ೫,೧೦೦ರವರೆಗೆ ಮತ್ತೆ ಪೂರ್ತಿ ರೋಗಿಯದೇ. ಏರಿಕೆ ಪುನಃ ೧. ಅದರಾಚೆ ನೂರಕ್ಕೆ ಐದು, ಏರಿಕೆ ೧/೨೦. ಇಂತಹ ಡೊಂಕು ರೇಖೆಯನ್ನು ನಿಸರ್ಗವು ಎಳೆಯುವುದು ಅಪರೂಪ; ಇದನ್ನು ಎಳೆಯಲು ಶಾಸನಸಭೆಯೇ ಬೇಕು.

ನಡುವಣ ಕಡಿದಾದ ಭಾಗಕ್ಕೆ ಅಮೆರಿಕನ್ನರು ‘ಡೋನಟ್ಟಿನ ತೂತು’ ಎಂದು ಹೆಸರಿಟ್ಟರು. ಡೋನಟ್ಟೆಂದರೆ ನಮ್ಮ ಉದ್ದಿನ ವಡೆಯ ಆಕಾರದ ಸಿಹಿತಿಂಡಿ. ಹತ್ತು ವರ್ಷಗಳಿಗೆ ೪೦೦ ಶತಕೋಟಿ ಡಾಲರನ್ನು ಮೀರಬಾರದೆಂಬ ಮಿತಿಯೊಳಗೆ ಬಹಳ ಜನಕ್ಕೆ ಸ್ವಲ್ಪವನ್ನೂ, ಬಹಳ ಕಾಯಿಲೆಯವರಿಗೆ ಹೆಚ್ಚನ್ನೂ ಕೊಡಬೇಕಾಗಿತ್ತು. ನಡುವಿನವರ ಪಾಲಿಗೆ ತೂತು ಉಳಿಯಿತು. ವರ್ಷಕ್ಕೆ ೫,೧೦೦ ಡಾಲರಿನ ಮದ್ದು ಬೇಕಾದವರು ೨೫೦, ೫೦೦, ೨,೮೫೦ ಸೇರಿಸಿ ೩,೬೦೦ ಡಾಲರನ್ನು ತಾವೇ ತೆರಬೇಕಾಗಿತ್ತು. ಕೊನೆಯ ನೂರಕ್ಕೆ ಐದು ಎಂಬುದೂ ನೋಡಲಷ್ಟೆ ಸಣ್ಣದು. ಲಕ್ಷ ಡಾಲರಿನ ಅರ್ಬುದದ ಔಷಧವಾದರೆ ಆ ಐದು ಪಾಲೇ ೪,೭೪೫ ಡಾಲರಾಗಿ, ಒಟ್ಟು ೮,೩೪೫ ಡಾಲರಿಗೆ ಮುಟ್ಟುತ್ತಿತ್ತು. ಮಿತಿಯೆಂಬುದೇ ಇರಲಿಲ್ಲ.

ಹುಟ್ಟಿದ ತಿಂಗಳ ಪ್ರಯೋಗ

ಈ ತೂತಿನಿಂದ ಪ್ರಾಣಹಾನಿಯಾಯಿತೆ? ಕೇಳುವುದು ಸುಲಭ, ಉತ್ತರಿಸುವುದು ಕಷ್ಟ. ಹೆಚ್ಚು ಹಣ ತೆತ್ತವರು ಹೆಚ್ಚು ಕಾಯಿಲೆಯವರೂ ಆಗಿರುತ್ತಾರೆ. ಅವರು ಹೆಚ್ಚಾಗಿ ಸತ್ತರೆ ಅದು ಕಾಯಿಲೆಯ ದೆಸೆಯಿಂದಲೋ ಬೆಲೆಯ ದೆಸೆಯಿಂದಲೋ ಹೇಳುವುದು ಹೇಗೆ? ಪ್ರಯೋಗಶಾಲೆಯಲ್ಲಾದರೆ ಎರಡು ಸಮಾನ ಗುಂಪು ಮಾಡಿ, ಒಂದಕ್ಕೆ ಮಾತ್ರ ಬೆಲೆ ಏರಿಸಬಹುದು. ಮನುಷ್ಯರ ಮೇಲೆ ಹಾಗೆ ಮಾಡಲಾದೀತೆ?

ಅಮಿತಾಭ ಚಂದ್ರ, ಇವಾನ್ ಫ್ಲಾಕ್, ಜಿಯಾದ್ ಓಬರ್‌ಮೇಯರ್ ಎಂಬ ಮೂವರು ಸಂಶೋಧಕರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ವೃದ್ಧರು ವಿಮೆಗೆ ಸೇರುವುದು ಸಾಮಾನ್ಯವಾಗಿ ಅರುವತ್ತೈದು ತುಂಬುವ ತಿಂಗಳಲ್ಲಿ. ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಮೊದಲ ವರ್ಷ ಹನ್ನೊಂದು ತಿಂಗಳ ವಿಮೆ. ಸೆಪ್ಟೆಂಬರಿನಲ್ಲಿ ಹುಟ್ಟಿದವರಿಗೆ ನಾಲ್ಕೇ ತಿಂಗಳು. ಆದರೆ ತೂತು ಆರಂಭವಾಗುವ ಗಡಿ ಇಬ್ಬರಿಗೂ ಒಂದೇ. ಆದುದರಿಂದ ಡಿಸೆಂಬರಿನ ಹೊತ್ತಿಗೆ ಫೆಬ್ರವರಿಯವರು ತೂತಿನೊಳಗೆ ಬಿದ್ದಿರುವ ಸಂಭವ ಹೆಚ್ಚು, ಸೆಪ್ಟೆಂಬರಿನವರದು ಕಡಿಮೆ. ಹುಟ್ಟಿದ ತಿಂಗಳನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಉಳಿದೆಲ್ಲ ವಿಷಯಗಳಲ್ಲಿಯೂ ಈ ಎರಡು ಗುಂಪುಗಳು ಸಮಾನ. ನಾಣ್ಯ ಚಿಮ್ಮಿ ಗುಂಪು ಮಾಡಿದಂತೆಯೇ ಆಯಿತಲ್ಲವೆ?

ಅವರು ೨೦೨೧ರಲ್ಲಿ ಹೊರತಂದ ಪ್ರಬಂಧದ ಪ್ರಕಾರ, ಔಷಧವೊಂದಕ್ಕೆ ಸರಾಸರಿ ೧೦.೪೦ ಡಾಲರು ಹೆಚ್ಚು ತೆರಬೇಕಾದಾಗ ಔಷಧಗಳ ಸೇವನೆ ಶೇಕಡ ೨೨.೬ರಷ್ಟು ಕುಸಿಯಿತು, ಆ ತಿಂಗಳ ಮರಣದ ಪ್ರಮಾಣ ಶೇಕಡ ೦.೦೪೮ ಅಂಶದಷ್ಟು, ಎಂದರೆ ಇದ್ದುದರ ಮೂರನೆಯ ಒಂದರಷ್ಟು, ಏರಿತು. ಎರಡು ಸಾವಿರ ಜನರಲ್ಲಿ ಸುಮಾರು ಒಬ್ಬರು, ಒಂದೇ ತಿಂಗಳಲ್ಲಿ! ಇನ್ನೂ ಮನಸ್ಸಿಗೆ ನಾಟುವ ಅಂಶವೊಂದುಂಟು. ಬೆಲೆ ಹೆಚ್ಚಾದರೆ ಜನರು ಬೇಡದ ಮದ್ದನ್ನು ಬಿಟ್ಟು ಬೇಕಾದುದನ್ನು ಉಳಿಸಿಕೊಳ್ಳುವರೆಂದು ಅರ್ಥಶಾಸ್ತ್ರಜ್ಞರು ಊಹಿಸಿದ್ದರು. ಹಾಗಾಗಲಿಲ್ಲ. ಹೃದಯಾಘಾತದ ಅಪಾಯ ಹೆಚ್ಚಾಗಿದ್ದವರೇ ಕೊಲೆಸ್ಟರಾಲಿನ ಮತ್ತು ರಕ್ತದೊತ್ತಡದ ಗುಳಿಗೆಗಳನ್ನು ಹೆಚ್ಚಾಗಿ ಬಿಟ್ಟರು. ಹತ್ತು ಡಾಲರಿಗೆ ಪ್ರಾಣ ಬಿಡುವಷ್ಟು ಬಡವರೆ ಅಮೆರಿಕನ್ನರು ಎಂದು ಮೂಗಿನ ಮೇಲೆ ಬೆರಳಿಡುವವರು, ಮುಪ್ಪಿನಲ್ಲಿ ಐದಾರು ಬಗೆಯ ಗುಳಿಗೆಗಳು ಒಟ್ಟಿಗೆ ನಡೆಯುತ್ತವೆಂಬುದನ್ನು ನೆನೆಯಬೇಕು.

ಬೆಲೆ ಇಷ್ಟೇಕೆ?

ಹೊಸ ಔಷಧದ ಗುಳಿಗೆಯನ್ನು ಒತ್ತಲು ತಗಲುವ ವೆಚ್ಚ ಅಲ್ಪ. ಅದನ್ನು ಕಂಡುಹಿಡಿದು, ಸಾವಿರಾರು ಜನರ ಮೇಲೆ ಪರೀಕ್ಷಿಸಲು ತಗಲುವ ವೆಚ್ಚ ಅಪಾರ. ಆದುದರಿಂದ ಶೋಧಕನಿಗೆ ಅರ್ಜಿ ಸಲ್ಲಿಸಿದಂದಿನಿಂದ ೨೦ ವರ್ಷಗಳ ಪೇಟೆಂಟನ್ನು ಕೊಡುತ್ತಾರೆ. ಆ ಅವಧಿಯಲ್ಲಿ ಆತನೇ ಏಕಸ್ವಾಮಿ. ಅವಧಿ ಮುಗಿದ ಮೇಲೆ ಬೇರೆಯವರೂ ಅದೇ ಅಣುವನ್ನು ತಯಾರಿಸಬಹುದು. ಇವೇ ಜೆನೆರಿಕ್ ಔಷಧಗಳು. ಅಮೆರಿಕಾದಲ್ಲಿ ೧೯೮೪ರ ಕಾಯಿದೆಯು ಇವಕ್ಕೆ ಹೆಬ್ಬಾಗಿಲು ತೆರೆಯಿತು: ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ಮಾಡಬೇಕಾಗಿಲ್ಲ, ರಕ್ತದಲ್ಲಿ ಮೂಲ ಔಷಧದಂತೆಯೇ ಏರಿಳಿಯುತ್ತದೆಂದು ತೋರಿಸಿದರೆ ಸಾಕು. ಎರಡರ ಅನುಪಾತವು ಶೇಕಡ ೮೦ರಿಂದ ೧೨೫ರೊಳಗೆ ಇರಬೇಕೆಂಬ ನಿಯಮವನ್ನು ಕೇಳಿ, ಜೆನೆರಿಕ್ಕಿನಲ್ಲಿ ಮದ್ದು ಐದನೆಯ ಒಂದು ಪಾಲು ಕಡಿಮೆಯಿರಬಹುದೆಂದು ಕೆಲವರು ಹೆದರುತ್ತಾರೆ. ಇದು ತಪ್ಪು ತಿಳಿವಳಿಕೆ. ಆ ಮಿತಿಯೊಳಗೆ ಇರಬೇಕಾದುದು ಸರಾಸರಿ ಮಾತ್ರವಲ್ಲ, ಅಳತೆಯ ಅನಿಶ್ಚಿತತೆಯ ಎರಡು ಕೊನೆಗಳೂ ಸಹ; ಹಾಗಾಗಬೇಕಾದರೆ ಸರಾಸರಿಯು ನೂರರ ಸಮೀಪದಲ್ಲೇ ಇರಬೇಕಾಗುತ್ತದೆ.

ಅಮೆರಿಕಾದಲ್ಲಿ ಹತ್ತು ಔಷಧಚೀಟಿಗಳಲ್ಲಿ ಸುಮಾರು ಒಂಬತ್ತು ಜೆನೆರಿಕ್ಕುಗಳವೇ. ಆದರೂ ಔಷಧಗಳ ಒಟ್ಟು ವೆಚ್ಚದಲ್ಲಿ ಅವುಗಳ ಪಾಲು ಐದನೆಯ ಒಂದಕ್ಕೂ ಕಡಿಮೆ. ಭಾರವೆಲ್ಲ ಆ ಉಳಿದ ಹತ್ತನೆಯ ಒಂದರ ಮೇಲಿದೆ. ಅದರಲ್ಲಿಯೂ ಜೀವಕೋಶಗಳಲ್ಲಿ ಬೆಳೆಸುವ ಜೈವಿಕ ಔಷಧಗಳದೇ ಒಂದು ಲೋಕ. ಆಸ್ಪಿರಿನ್ನಿನ ಅಣುವಿನಲ್ಲಿ ೨೧ ಪರಮಾಣುಗಳು; ಇನ್ಸುಲಿನ್ನಿನಲ್ಲಿ ೭೮೮. ಸಂಧಿವಾತದ ‘ಎನ್‌ಬ್ರೆಲ್’ ಎಂಬ ಮದ್ದು ಅದಕ್ಕಿಂತಲೂ ಎಷ್ಟೋ ಪಟ್ಟು ದೊಡ್ಡ ಪ್ರೋಟೀನು. ಅಂತಹುದನ್ನು ಅನುಕರಿಸುವುದು ಕಷ್ಟ. ಅನುಕರಿಸಿದರೂ ಪೇಟೆಂಟುಗಳ ಕೋಟೆ ದಾಟುವುದು ಇನ್ನೂ ಕಷ್ಟ. ಎನ್‌ಬ್ರೆಲ್ಲಿಗೆ ಅಮೆರಿಕಾದಲ್ಲಿ ಅನುಮತಿ ದೊರೆತುದು ೧೯೯೮ರಲ್ಲಿ. ಅದಕ್ಕೆ ಸಮನಾದ ಮತ್ತೊಂದು ಔಷಧ ೨೦೧೬ರಲ್ಲಿಯೇ ಅನುಮತಿ ಪಡೆಯಿತಾದರೂ, ಪೇಟೆಂಟುಗಳು ೨೦೨೯ರವರೆಗೆ ಅದರ ಮಾರಾಟಕ್ಕೆ ಅಡ್ಡ ನಿಂತವು. ಇಪ್ಪತ್ತು ವರ್ಷವೆಂಬುದು ಹೀಗೆ ಮೂವತ್ತೊಂದಾಗುತ್ತದೆ.

ಇನ್ಸುಲಿನ್ನಿನ ಕಥೆ ಮತ್ತೂ ವಿಪರ್ಯಾಸದ್ದು. ೧೯೨೧ರಲ್ಲಿ ಟೊರಾಂಟೋದಲ್ಲಿ ಅದನ್ನು ಕಂಡುಹಿಡಿದವರು ತಮ್ಮ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಶತಮಾನವಾದ ಮೇಲೆ, ಅದರ ಸುಧಾರಿತ ರೂಪವೊಂದಕ್ಕೆ ೨೦೨೩ರಲ್ಲಿ ತಿಂಗಳಿಗೆ ೪೯೫ ಡಾಲರು ಪಟ್ಟಿಬೆಲೆ.

ತೂತು ಮುಚ್ಚಿದ ಬಗೆ

೨೦೧೦ರ ಆರೋಗ್ಯ ಶಾಸನವು ತೂತನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತ ಬಂದು, ೨೦೨೦ರ ಹೊತ್ತಿಗೆ ರೋಗಿಯ ಪಾಲನ್ನು ಅಲ್ಲಿಯೂ ಕಾಲು ಭಾಗಕ್ಕೆ ಇಳಿಸಿತು. ದೊಡ್ಡ ಬದಲಾವಣೆಯಾದುದು ೨೦೨೨ರ ಆಗಸ್ಟ್ ೧೬ರಂದು ಅಧ್ಯಕ್ಷ ಬೈಡನ್ನರು ಸಹಿ ಹಾಕಿದ ಶಾಸನದಿಂದ. ೨೦೨೩ರಿಂದ ವೃದ್ಧರಿಗೆ ಇನ್ಸುಲಿನ್ ತಿಂಗಳಿಗೆ ೩೫ ಡಾಲರನ್ನು ಮೀರದಾಯಿತು. ಆ ನೂರಕ್ಕೆ ಐದು ೨೦೨೪ರಲ್ಲಿ ಹೋಯಿತು. ೨೦೨೫ರಲ್ಲಿ ರೋಗಿಯ ಕೈಖರ್ಚಿಗೆ ವರ್ಷಕ್ಕೆ ೨,೦೦೦ ಡಾಲರಿನ ಮಿತಿ ಬಂದಿತು; ೨೦೨೬ಕ್ಕೆ ಅದು ೨,೧೦೦. ಮೇಲೆ ಹೇಳಿದ ಗ್ರಾಫಿನ ಮೇಲೆಯೇ ೨೦೨೬ರ ಮಾದರಿ ರೇಖೆಯನ್ನು ಎಳೆದು ನೋಡಬಹುದು: ೬೧೫ ಡಾಲರಿನವರೆಗೆ ಏರಿಕೆ ೧, ಅಲ್ಲಿಂದ ಒಟ್ಟು ಬೆಲೆ ೬,೫೫೫ ಮುಟ್ಟುವವರೆಗೆ ೧/೪, ಅದರಾಚೆ ರೇಖೆ ಸಂಪೂರ್ಣ ಸಮತಲ. ಲಕ್ಷ ಡಾಲರಿನ ಮದ್ದಾದರೂ ಅಷ್ಟೇ. ಜನವರಿಯಲ್ಲಿಯೇ ಇಡೀ ಮೊತ್ತ ಹೊಂದಿಸಲಾರದವರು ಅದನ್ನು ತಿಂಗಳ ಕಂತುಗಳಾಗಿ ಹಂಚಿಕೊಳ್ಳಲು ೨೦೨೫ರಿಂದ ಏರ್ಪಾಡಾಯಿತು.

ಈ ಸಮತಲಕ್ಕೂ ಅಂಚುಗಳುಂಟು. ಪ್ರತಿ ವಿಮಾ ಕಂಪನಿಗೂ ತನ್ನದೇ ಔಷಧಪಟ್ಟಿಯಿರುತ್ತದೆ. ಪಟ್ಟಿಯ ಹೊರಗಿನ ಔಷಧಕ್ಕೆ ತೆತ್ತ ಹಣ ಮಿತಿಯ ಲೆಕ್ಕಕ್ಕೆ ಬಾರದು. ಪಟ್ಟಿ ವರ್ಷವರ್ಷವೂ ಬದಲಾಗುತ್ತದೆ. ಆದುದರಿಂದ ಅಕ್ಟೋಬರ್ ೧೫ರಿಂದ ಡಿಸೆಂಬರ್ ೭ರವರೆಗಿನ ಅವಧಿಯಲ್ಲಿ ತಮ್ಮ ಮದ್ದುಗಳು ಮುಂದಿನ ವರ್ಷದ ಪಟ್ಟಿಯಲ್ಲಿವೆಯೇ ಎಂದು ನೋಡಿ ಯೋಜನೆಯನ್ನು ಬದಲಿಸಿಕೊಳ್ಳಬೇಕು. ಎಂಬತ್ತು ವರ್ಷದವರಿಗೆ ಇದು ಪರೀಕ್ಷೆಯೇ ಸರಿ. ಇದರಲ್ಲಿ ನೆರವಾಗಲು ಪ್ರತಿ ರಾಜ್ಯದಲ್ಲಿಯೂ ಉಚಿತ ಸಲಹಾ ಕೇಂದ್ರಗಳನ್ನಿಟ್ಟಿದ್ದಾರೆ. ಬಡ ವೃದ್ಧರಿಗೆ ‘ಹೆಚ್ಚಿನ ನೆರವು’ ಎಂಬ ಬೇರೊಂದು ಸೌಲಭ್ಯವುಂಟು. ಅದನ್ನು ೨೦೨೪ರಲ್ಲಿ ವಿಸ್ತರಿಸಿದರು. ೨೦೨೫ರಲ್ಲಿ ಅದರಡಿ ಜೆನೆರಿಕ್ಕಿಗೆ ೪.೯೦, ಹೊಸ ಔಷಧಕ್ಕೆ ೧೨.೧೫ ಡಾಲರಿಗಿಂತ ಹೆಚ್ಚು ಕೊಡಬೇಕಾಗಿರಲಿಲ್ಲ. ಆದರೆ ಅರ್ಜಿ ಹಾಕಿದರೆ ಮಾತ್ರ ಸಿಗುವ ಇಂತಹ ಸವಲತ್ತುಗಳು, ಇದೆಯೆಂದೇ ತಿಳಿಯದವರಿಗೆ ದೊರೆಯುವುದೆಂತು?

ಔಷಧ ಕಂಪನಿಗಳು ಹಂಚುವ ರಿಯಾಯಿತಿ ಚೀಟಿಗಳನ್ನು ಮೆಡಿಕೇರಿನವರು ಬಳಸುವಂತಿಲ್ಲವೆಂಬುದು ಅನೇಕರನ್ನು ಕೆರಳಿಸುತ್ತದೆ. ನಿಷ್ಕರುಣೆಯಂತೆ ತೋರಿದರೂ ಇದಕ್ಕೆ ಕಾರಣವಿದೆ. ಚೀಟಿಯಿಂದ ರೋಗಿಯ ಪಾಲು ಮಾತ್ರ ತಗ್ಗುತ್ತದೆ; ಔಷಧದ ಬೆಲೆ ಹಾಗೆಯೇ ಉಳಿದು, ಮಿಕ್ಕ ಭಾರವೆಲ್ಲ ಸರ್ಕಾರದ ಬೊಕ್ಕಸದ ಮೇಲೆ ಬೀಳುತ್ತದೆ. ಇದನ್ನು ಲಂಚದ ಸಾಲಿಗೆ ಸೇರಿಸಿ ಕಾನೂನು ತಡೆದಿದೆ. ಇದಕ್ಕಿಂತ ಸೋಜಿಗದ ಸಂಗತಿಯೊಂದಿತ್ತು: ವಿಮೆಯ ಮೂಲಕ ಕೊಳ್ಳುವುದಕ್ಕಿಂತ ನೇರ ಹಣ ಕೊಟ್ಟರೆ ಅಗ್ಗವೆಂದು ಗೊತ್ತಿದ್ದರೂ ರೋಗಿಗೆ ಹೇಳಕೂಡದೆಂದು ಕೆಲವು ಒಪ್ಪಂದಗಳು ಔಷಧದಂಗಡಿಯವರ ಬಾಯಿ ಕಟ್ಟಿದ್ದವು. ೨೦೧೮ರ ಅಕ್ಟೋಬರಿನಲ್ಲಿ ಆ ಕಟ್ಟನ್ನು ಶಾಸನದಿಂದ ಬಿಚ್ಚಬೇಕಾಯಿತು.

ಇವೆಲ್ಲ ರೋಗಿಯ ಪಾಲನ್ನು ತಗ್ಗಿಸುವ ಮಾತಾಯಿತು. ಬೆಲೆಯನ್ನೇ ತಗ್ಗಿಸುವುದು? ೨೦೦೩ರ ಶಾಸನವು ಸರ್ಕಾರವು ಚೌಕಾಸಿ ಮಾಡಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿತ್ತು. ಸಂತೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೊಳ್ಳುವವನು ಬೆಲೆ ಕೇಳಬಾರದೆಂಬ ಈ ಕಟ್ಟಳೆ ನಮಗಂತೂ ಅರ್ಥವಾಗದು. ೨೦೨೨ರ ಶಾಸನವು, ಪೇಟೆ ಸೇರಿ ಹಲವು ವರ್ಷಗಳಾಗಿಯೂ ಪೈಪೋಟಿಯಿಲ್ಲದ ಔಷಧಗಳಿಗೆ ಈ ನಿಷೇಧವನ್ನು ಸಡಿಲಿಸಿತು. ಮೊದಲು ಆರಿಸಿದ ಹತ್ತು ಔಷಧಗಳ ಹೊಸ ಬೆಲೆ ೨೦೨೬ರ ಜನವರಿ ೧ರಂದು ಜಾರಿಗೆ ಬಂದಿತು. ಎಲಿಕ್ವಿಸ್ ೫೨೧ರಿಂದ ೨೩೧ಕ್ಕೆ, ಮಧುಮೇಹದ ಜಾನುವಿಯಾ ೫೨೭ರಿಂದ ೧೧೩ಕ್ಕೆ, ಎನ್‌ಬ್ರೆಲ್ ೭,೧೦೬ರಿಂದ ೨,೩೫೫ ಡಾಲರಿಗೆ ಇಳಿದುವು. ಹೊಸ ಔಷಧಗಳ ಶೋಧನೆಗೆ ಇದರಿಂದ ಹಣ ಕುಗ್ಗುವುದೆಂದು ಕಂಪನಿಗಳು ವಾದಿಸುತ್ತವೆ. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ನಾಳಿನ ರೋಗಿಯ ಮದ್ದಿಗೆ ಇಂದಿನ ರೋಗಿಯ ಗುಳಿಗೆಯನ್ನು ಹೋಳು ಮಾಡಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಈ ಜಾನುವಿಯಾದ ಮೂಲದ್ರವ್ಯ ಸಿಟಾಗ್ಲಿಪ್ಟಿನ್. ಭಾರತದಲ್ಲಿ ಅದರ ಪೇಟೆಂಟು ೨೦೨೨ರ ಜುಲೈಯಲ್ಲಿ ಮುಗಿಯಿತು. ಆ ವರ್ಷವೇ ನಮ್ಮ ಜನೌಷಧಿ ಕೇಂದ್ರಗಳಲ್ಲಿ ನೂರು ಮಿಲಿಗ್ರಾಮಿನ ಹತ್ತು ಗುಳಿಗೆಗಳನ್ನು ೧೦೦ ರೂಪಾಯಿಗೆ ಮಾರತೊಡಗಿದರು; ತಿಂಗಳಿಗೆ ೩೦೦ ರೂಪಾಯಿ. ಅದೇ ಅಣು, ಅದೇ ತೂಕ. ಬೆಂಗಳೂರಿನ ಬಯೋಕಾನ್ ಸಂಸ್ಥೆಯ ಪಾಲುಗಾರಿಕೆಯಲ್ಲಿ ಸಿದ್ಧವಾದ ಗ್ಲಾರ್ಜಿನ್ ಇನ್ಸುಲಿನ್ನಿಗೆ ೨೦೨೧ರ ಜುಲೈಯಲ್ಲಿ, ಮೂಲ ಔಷಧಕ್ಕೆ ಬದಲಾಗಿ ಅಂಗಡಿಯವರೇ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮನ್ನಣೆ ಅಮೆರಿಕಾದಲ್ಲಿ ದೊರೆಯಿತು. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ನಮ್ಮ ಊರಿನ ಹಿರಿಯರು ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಪಕ್ಕದಲ್ಲಿಯೇ ಗುಳಿಗೆಗಳ ಗಂಟನ್ನೂ ಇಡುವುದು ಸುಮ್ಮನೆ ಅಲ್ಲ. ಅಲ್ಲಿಯೇ ನೆಲಸಲು ಹೋದವರಿಗೂ ಐದು ವರ್ಷ ಸತತವಾಗಿ ವಾಸಿಸಿದ ಹೊರತು ಮೆಡಿಕೇರನ್ನು ಕೊಳ್ಳಲು ಅವಕಾಶವಿಲ್ಲ.

ನಮ್ಮಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ೨೦೨೪ರ ಅಕ್ಟೋಬರ್ ೨೯ರಿಂದ ಆಯುಷ್ಮಾನ್ ಭಾರತ ಯೋಜನೆಯಡಿ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಯ ಆಸ್ಪತ್ರೆ ವಿಮೆ ದೊರೆಯಿತು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ೧೫ ದಿನಗಳ ಔಷಧವೂ ಅದರಲ್ಲಿ ಸೇರಿದೆ. ಹದಿನಾರನೆಯ ದಿನದ ಗುಳಿಗೆ ಸೇರಿಲ್ಲ. ಅಮೆರಿಕಾದ ವಿಮೆ ೧೯೬೫ರಲ್ಲಿ ನಿಂತಿದ್ದುದೂ ಹೆಚ್ಚುಕಡಮೆ ಇದೇ ಜಾಗದಲ್ಲಿ.